ಖಾಲಿ ರೂಮಿನ ಬೆಲೆ ಕೌಂಟರಿನಲ್ಲಿದೆ

ಹಂಪಿ ತೋರಿಸಲು ನೆಂಟರನ್ನು ಕರೆದುಕೊಂಡು ಹೊರಡುವವರು, ಮಗಳ ಪ್ರವೇಶ ಪರೀಕ್ಷೆಗೆಂದು ಬೆಂಗಳೂರಿಗೆ ಹೋಗುವವರು, ಧಾರವಾಡದ ಹೈಕೋರ್ಟ್ ಪೀಠದಲ್ಲಿ ಕೇಸು ಇರುವವರು, ಎಲ್ಲರೂ ಈಗ ಒಂದೇ ಪ್ರಶ್ನೆ ಕೇಳುತ್ತಾರೆ. ಮೊಬೈಲ್‌ನಲ್ಲಿ 4,500 ರೂಪಾಯಿಗೆ ಗೀಟು ಎಳೆದು ಕೆಳಗೆ 1,800 ಎಂದು ತೋರಿಸುತ್ತಾರಲ್ಲ, ಅಷ್ಟೊಂದು ಇಳಿಸಿದ್ದು ನಿಜವೇ? ಬಿಡ್ ಮಾಡಿದರೆ ಇನ್ನೂ ಕಡಿಮೆಗೆ ಸಿಗುತ್ತದಂತೆ, ಹೌದೇ? ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆಯವರಿಗೆ ಇದು ಕಾಲಹರಣದ ಪ್ರಶ್ನೆಯಲ್ಲ. ದೊಡ್ಡ ಆಸ್ಪತ್ರೆ, ದೊಡ್ಡ ಕಚೇರಿ, ದೊಡ್ಡ ಪರೀಕ್ಷಾ ಕೇಂದ್ರಗಳೆಲ್ಲ ನಮ್ಮಿಂದ ದೂರವೇ ಇರುವುದರಿಂದ ಊರು ಬಿಟ್ಟು ಒಂದು ರಾತ್ರಿ ಕಳೆಯುವುದು ನಮಗೆ ವಿಹಾರವಾಗುವುದಕ್ಕಿಂತ ಖರ್ಚಾಗುವುದೇ ಹೆಚ್ಚು. ನನ್ನ ಉತ್ತರವನ್ನು ಮೊದಲೇ ಹೇಳುತ್ತೇನೆ. 1,800 ನಿಜ, ಏಕೆಂದರೆ ಅಷ್ಟನ್ನು ನೀವು ಕೊಡುತ್ತೀರಿ. 4,500 ನಿಜವೆಂದು ನಂಬಲು ಕಾರಣವಿಲ್ಲ, ಏಕೆಂದರೆ ಆ ದಿನ ಆ ರೂಮಿಗೆ ಅಷ್ಟು ಕೊಟ್ಟವರು ಯಾರೂ ಇರಲಿಕ್ಕಿಲ್ಲ. ಇವೆರಡರ ಹೊರಗೆ ಮೂರನೆಯದೊಂದು ಬೆಲೆ ಇದೆ, ಅದು ಪರದೆಯ ಮೇಲೆ ಕಾಣುವುದಿಲ್ಲ. ಈ ರಾತ್ರಿ ಈ ರೂಮು ಖಾಲಿ ಉಳಿಯುವ ಬದಲು ಎಷ್ಟಕ್ಕೆ ಹೋದರೂ ಸರಿ ಎಂದು ಮಾಲೀಕನ ಮನಸ್ಸಿನಲ್ಲಿರುವ ಬೆಲೆ ಅದು. ಆ ಬೆಲೆಯ ಹತ್ತಿರ ಹೋಗಲು ಇವತ್ತಿಗೂ ಚೆನ್ನಾಗಿ ನಡೆಯುವ ದಾರಿ ಹೋಟೆಲಿಗೇ ಫೋನು ಮಾಡಿ ಕೇಳುವುದು ಎಂಬುದು ನನ್ನ ವಾದ.

ರೂಮಿನ ಬೆಲೆ ಏಕೆ ಇಷ್ಟು ಕುಣಿಯುತ್ತದೆ ಎಂಬುದರಿಂದ ಶುರು ಮಾಡೋಣ. ಹೋಟೆಲ್ ಕಟ್ಟಿಸಿದ ಸಾಲದ ಬಡ್ಡಿ, ಕಾವಲುಗಾರನ ಸಂಬಳ, ಜನರೇಟರ್, ತೆರಿಗೆ ಇವೆಲ್ಲ ರೂಮು ತುಂಬಿದರೂ ಖಾಲಿ ಇದ್ದರೂ ಒಂದೇ. ಗಿರಾಕಿ ಬಂದಾಗ ಹೊಸದಾಗಿ ಆಗುವ ಖರ್ಚು ತೀರ ಸಣ್ಣದು: ಬೆಡ್‌ಶೀಟು ಒಗೆಸುವುದು, ಸೋಪು, ಬಿಸಿನೀರು, ಎಸಿ ಹಾಕಿದರೆ ಕರೆಂಟು, ಗುಡಿಸಿ ಒರೆಸುವವರ ಸ್ವಲ್ಪ ಹೊತ್ತು. ಲೆಕ್ಕಕ್ಕೆ ಇದೆಲ್ಲ ಸೇರಿ 400 ರೂಪಾಯಿ ಎಂದಿಟ್ಟುಕೊಂಡರೆ, 2,000 ರೂಪಾಯಿಯ ರೂಮನ್ನು 1,200ಕ್ಕೆ ಕೊಟ್ಟರೂ ಆ ರಾತ್ರಿ ಮಾಲೀಕನಿಗೆ 800 ಉಳಿಯುತ್ತದೆ, ಖಾಲಿ ಬಿಟ್ಟರೆ ಏನೂ ಉಳಿಯುವುದಿಲ್ಲ. ಈ ರಾತ್ರಿ ಮಾರದ ರೂಮನ್ನು ನಾಳೆ ಎರಡು ಸಲ ಮಾರಲು ಆಗದು. ಆದ್ದರಿಂದಲೇ ಬೆಲೆ ಕಟ್ಟಡಕ್ಕೆ ಅಂಟಿಕೊಂಡಿಲ್ಲ, ದಿನಕ್ಕೆ ಅಂಟಿಕೊಂಡಿದೆ. ಹೊಸಪೇಟೆ, ಕಮಲಾಪುರಗಳ ರೂಮುಗಳ ದರ ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಏರುತ್ತದೆ. ಡಿಸೆಂಬರ್ ಕೊನೆಯ ವಾರ ಮತ್ತು ಹಂಪಿ ಉತ್ಸವದ ದಿನಗಳಲ್ಲಿ ಅವುಗಳ ದರಕ್ಕೆ ಮಿತಿಯೇ ಇರುವುದಿಲ್ಲ. ಬಿಸಿಲು 40 ಡಿಗ್ರಿ ಮುಟ್ಟುವ ಮೇ ತಿಂಗಳ ಮಂಗಳವಾರ ಅದೇ ರೂಮಿಗೆ ಕೇಳುವವರಿಲ್ಲ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದ ಪಾದಯಾತ್ರೆಯಲ್ಲಿ ಜನ ಬಂದು ಸೇರುವಾಗ, ಭರತ ಹುಣ್ಣಿಮೆಯ ಸುಮಾರಿಗೆ ಮೈಲಾರದ ಕಾರಣಿಕಕ್ಕೆ ಲಕ್ಷಗಟ್ಟಲೆ ಭಕ್ತರು ನೆರೆಯುವಾಗ, ಸುತ್ತಮುತ್ತಲ ಯಾವ ಲಾಡ್ಜಿನಲ್ಲೂ ರಿಯಾಯಿತಿಯ ಮಾತು ಹುಟ್ಟುವುದಿಲ್ಲ. ಗೀಟು ಎಳೆದ 4,500 ಬಹುಶಃ ಇಂಥ ಯಾವುದೋ ತುಂಬಿದ ರಾತ್ರಿಯ ದರ. ಅದನ್ನು ಮೇ ತಿಂಗಳ ಮಂಗಳವಾರದ ಎದುರು ಹಿಡಿದು ಶೇ 60 ಕಡಿತ ಎಂದು ಬರೆದರೆ ಗಿರಾಕಿಗೆ ತಿಳಿಯುವುದೇನೂ ಇಲ್ಲ. ಹೋಲಿಸಬೇಕಾದದ್ದು ಅದೇ ರಾತ್ರಿ, ಅದೇ ಊರಿನಲ್ಲಿ, ಅದೇ ದರ್ಜೆಯ ಇನ್ನೊಂದು ರೂಮು ಎಷ್ಟಕ್ಕೆ ಸಿಗುತ್ತದೆ ಎಂಬುದನ್ನು.

ಬಿಡ್ ಮಾಡಿ ರೂಮು ಹಿಡಿಯುವ ಮಾತು ಎಲ್ಲಿಂದ ಬಂತು ಎಂದರೆ ಅಮೆರಿಕದಿಂದ. 1998ರಲ್ಲಿ ಜೇ ವಾಕರ್ ಎಂಬ ಉದ್ಯಮಿ ಶುರು ಮಾಡಿದ ಪ್ರೈಸ್‌ಲೈನ್ ಕಂಪನಿ ಗಿರಾಕಿಗೆ ಹೇಳಿದ್ದು ಇಷ್ಟೇ: ಬೆಲೆಯನ್ನು ನೀನೇ ಹೇಳು. ಮೊದಲು ವಿಮಾನದ ಟಿಕೆಟ್ಟು, ಆಮೇಲೆ ಹೋಟೆಲ್ ರೂಮು. ಊರಿನ ಯಾವ ಭಾಗದಲ್ಲಿ ಬೇಕು, ಎಷ್ಟು ಸ್ಟಾರ್‌ನದು ಬೇಕು, ಯಾವ ದಿನ, ಎಷ್ಟು ಕೊಡುತ್ತೀರಿ ಎಂದು ಬರೆದು ಕ್ರೆಡಿಟ್ ಕಾರ್ಡಿನ ಸಂಖ್ಯೆ ಕೊಡಬೇಕು. ಆ ಬೆಲೆಗೆ ಯಾವುದಾದರೂ ಹೋಟೆಲ್ ಒಪ್ಪಿದರೆ ಹಣ ತಕ್ಷಣ ಕಡಿತ, ಹೋಟೆಲಿನ ಹೆಸರು ತಿಳಿಯುವುದು ಆಮೇಲೆ. ರದ್ದು ಮಾಡುವಂತಿಲ್ಲ, ಬದಲಿಸುವಂತಿಲ್ಲ. ಒಪ್ಪದಿದ್ದರೆ ಅದೇ ಕೋರಿಕೆಯನ್ನು ಮತ್ತೆ ಸಲ್ಲಿಸಲು ಒಂದು ದಿನ ಕಾಯಬೇಕು, ಇಲ್ಲವೇ ಇನ್ನೊಂದು ಬಡಾವಣೆಯನ್ನು ಸೇರಿಸಿ ಬೆಲೆ ಏರಿಸಬೇಕು. ಇದರ ಒಳಮರ್ಮ ಹಿಡಿದ ಗಿರಾಕಿಗಳು ತಾವು ಕೇಳುವ ಸ್ಟಾರ್‌ನ ಹೋಟೆಲೇ ಇಲ್ಲದ ಬಡಾವಣೆಯನ್ನು ಸೇರಿಸಿ, ಯಾವ ಅಪಾಯವೂ ಇಲ್ಲದೆ ಎರಡನೆಯ, ಮೂರನೆಯ ಸಲ ಕೂಗುವ ದಾರಿ ಕಂಡುಕೊಂಡರು. ಶಾಂತವಾಗಿ ಕೆಳಗಿನಿಂದ ಮೇಲೆ ಹತ್ತುವ ತಾಳ್ಮೆ ಇದ್ದವರಿಗೆ ದೊಡ್ಡ ಹೋಟೆಲುಗಳ ರೂಮು ಬಹಳ ಅಗ್ಗವಾಗಿ ಸಿಕ್ಕದ್ದುಂಟು.

ಹೆಸರನ್ನು ಮುಚ್ಚಿಡುವುದೇ ಈ ವ್ಯವಸ್ಥೆಯ ಜೀವ. ಅದು ಅರ್ಥವಾಗಬೇಕಾದರೆ ನಮ್ಮ ದನದ ಜಾತ್ರೆಗಳನ್ನು ನೆನೆದರೆ ಸಾಕು. ಜೋಡೆತ್ತಿನ ವ್ಯಾಪಾರದಲ್ಲಿ ದಲ್ಲಾಳಿ ಟವೆಲ್ಲಿನ ಕೆಳಗೆ ಕೈ ಇಟ್ಟು ಬೆರಳು ಹಿಡಿದು ಬೆಲೆ ಹೇಳುತ್ತಾನೆ, ಮಾರುವವನೂ ಕೊಳ್ಳುವವನೂ ಬೆರಳಿನಲ್ಲೇ ಏರಿಸಿ ಇಳಿಸಿ ಮುಗಿಸುತ್ತಾರೆ. ಸುತ್ತ ನಿಂತವರಿಗೆ ಬೆಲೆ ತಿಳಿಯಬಾರದು. ತಿಳಿದರೆ ಮುಂದಿನ ಗಿರಾಕಿ ಅಲ್ಲಿಂದಲೇ ಚೌಕಾಸಿ ಶುರು ಮಾಡುತ್ತಾನೆ. ಹೆಸರಾಂತ ಹೋಟೆಲಿನ ಭಯವೂ ಇದೇ. 6,000 ರೂಪಾಯಿಗೆ ರೂಮು ಹಿಡಿದವನಿಗೆ ಪಕ್ಕದ ರೂಮು 3,000ಕ್ಕೆ ಹೋಗಿದೆ ಎಂದು ಗೊತ್ತಾದರೆ ಅವನು ಮತ್ತೆ 6,000 ಕೊಡುವುದಿಲ್ಲ. ಹೆಸರು ಕಾಣದ ಹಾಗೆ ಮಾರಿದರೆ ಖಾಲಿ ರೂಮೂ ತುಂಬುತ್ತದೆ, ಊರಿಗೆಲ್ಲ ಹೇಳಿದ ದರಕ್ಕೂ ಧಕ್ಕೆಯಿಲ್ಲ. ಇದರಿಂದ ನಾವು ಕಲಿಯಬೇಕಾದದ್ದು ಒಂದಿದೆ. ಮಾಲೀಕನು ಕಡಿಮೆ ಬೆಲೆಗೆ ಕೊಡಲು ಸಿದ್ಧನಿರುತ್ತಾನೆ, ಆದರೆ ಎಲ್ಲರ ಎದುರು ಕೊಡಲು ಸಿದ್ಧನಿರುವುದಿಲ್ಲ. ಯಾರಿಗೂ ಕಾಣದ ಹಾಗೆ ಬೆಲೆ ಮಾತಾಡುವ ಜಾಗ ಇದ್ದಾಗ ಮಾತ್ರ ಆ ಕೆಳಗಿನ ಬೆಲೆ ಹೊರಬರುತ್ತದೆ.

ಆ ಬಿಡ್ಡಿಂಗ್ ಈಗ ಹೆಚ್ಚುಕಡಿಮೆ ಮುಗಿದ ಕಥೆ. ವಿಮಾನದ ಟಿಕೆಟ್ಟಿಗೆ 2016ರಲ್ಲೇ ನಿಂತಿತು, ಆಮೇಲೆ ಹೋಟೆಲಿಗೂ ನಿಂತಿತು. ಕಾರ್ಡು ಕೊಟ್ಟು ಕುರುಡಾಗಿ ಕೂಗುವ ತಾಳ್ಮೆ ಜನಕ್ಕೆ ಉಳಿಯಲಿಲ್ಲ. ಹೆಸರು ಮುಚ್ಚಿಟ್ಟರೂ ಬೆಲೆಯನ್ನು ತೆರೆದು ತೋರಿಸುವ ಕೊಡುಗೆಗಳು ಬಂದವು. 2000ದಲ್ಲಿ ಶುರುವಾದ ಹಾಟ್‌ವೈರ್ ಮಾಡಿದ್ದು ಅದನ್ನೇ. ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ನೆದರ್ಲೆಂಡ್ಸ್‌ನಲ್ಲಿ 1996ರಲ್ಲಿ ಹುಟ್ಟಿದ್ದ ಬುಕಿಂಗ್ ಡಾಟ್ ಕಾಮ್ ಅನ್ನು ಪ್ರೈಸ್‌ಲೈನ್ 2005ರಲ್ಲಿ ಕೊಂಡಿತು, 2007ರಲ್ಲಿ ಅಗೋಡವನ್ನೂ ಕೊಂಡಿತು, 2018ರಲ್ಲಿ ತನ್ನ ಹೆಸರನ್ನೇ ಬುಕಿಂಗ್ ಹೋಲ್ಡಿಂಗ್ಸ್ ಎಂದು ಬದಲಿಸಿಕೊಂಡಿತು. ಗಿರಾಕಿಯೇ ಬೆಲೆ ಹೇಳಲಿ ಎಂದು ಹೊರಟ ಕಂಪನಿ, ಹೋಟೆಲ್ ಹೇಳಿದ ಬೆಲೆಯನ್ನು ತೋರಿಸಿ ಕಮಿಷನ್ ಪಡೆಯುವುದರಲ್ಲೇ ಹೆಚ್ಚು ಲಾಭವಿದೆ ಎಂದು ಕಂಡುಕೊಂಡಿತು. ನಮ್ಮ ದೇಶದ ದೊಡ್ಡ ಬುಕಿಂಗ್ ಜಾಲತಾಣಗಳು ನಿಂತಿರುವುದೂ ಈ ಕಮಿಷನ್ ದಾರಿಯ ಮೇಲೆಯೇ: 2000ದಲ್ಲಿ ಸ್ಥಾಪನೆಯಾಗಿ 2005ರಲ್ಲಿ ಭಾರತದೊಳಗಿನ ವ್ಯವಹಾರಕ್ಕೆ ಇಳಿದ ಮೇಕ್‌ಮೈಟ್ರಿಪ್, 2017ರಲ್ಲಿ ಅದರ ಜೊತೆ ಸೇರಿದ ಗೋಐಬಿಬೊ, 2006ರ ಯಾತ್ರಾ ಮತ್ತು ಕ್ಲಿಯರ್‌ಟ್ರಿಪ್. 2013ರ ಓಯೊ ಇನ್ನೊಂದು ಬಗೆಯದು, ಸಣ್ಣ ಲಾಡ್ಜುಗಳಿಗೆ ತನ್ನ ಬೋರ್ಡು ಹಾಕಿಸಿ ತನ್ನ ಹೆಸರಿನಲ್ಲೇ ಮಾರುವಂಥದ್ದು. ಬಿಡ್ಡಿಂಗ್ ಇಲ್ಲಿ ಬೇರೂರಲೇ ಇಲ್ಲ. ಅದರ ಜಾಗದಲ್ಲಿ ಕೂಪನ್, ಬ್ಯಾಂಕ್ ಕಾರ್ಡಿನ ಆಫರ್, ಮುಂದಿನ ಬುಕಿಂಗ್‌ಗೆ ಮಾತ್ರ ಬಳಸಬಹುದಾದ ವಾಲೆಟ್ ಹಣ ಬಂದು ಕೂತಿವೆ.

ಈ ಕಡಿತದ ಹಣ ಯಾರ ಜೇಬಿನಿಂದ ಹೋಗುತ್ತದೆ ಎಂದು ಕೇಳಬೇಕು. ತಾಣಗಳು ಹೋಟೆಲಿನಿಂದ ಪಡೆಯುವ ಕಮಿಷನ್ ಸಾಮಾನ್ಯವಾಗಿ ಶೇ 15ರಿಂದ 25ರ ಆಸುಪಾಸಿನದು. ಶೇ 20 ಎಂದು ಹಿಡಿದರೆ 2,000 ರೂಪಾಯಿಯ ಬುಕಿಂಗ್‌ನಲ್ಲಿ 400 ತಾಣಕ್ಕೆ ಹೋಗಿ ಮಾಲೀಕನಿಗೆ 1,600 ಸಿಗುತ್ತದೆ, ಕಮಿಷನ್ ಮೇಲಿನ ಜಿಎಸ್‌ಟಿ ಬೇರೆ. ತಾಣ ನಿಮಗೆ ಕೊಡುವ 150ರ ಕೂಪನ್ ಆ 400ರ ಒಂದು ತುಂಡಾಗಿರಬಹುದು. ಅದೇ ಗಿರಾಕಿ ನೇರವಾಗಿ ಬಂದು 1,700 ಕೊಟ್ಟರೆ ಅವನಿಗೆ 300 ಉಳಿತಾಯ, ಮಾಲೀಕನಿಗೆ 100 ಹೆಚ್ಚಿಗೆ. ಇಬ್ಬರಿಗೂ ಒಳ್ಳೆಯದಾಗುವ ಈ ವ್ಯವಹಾರ ಮೊದಲೇ ಏಕೆ ಎಲ್ಲೆಡೆ ನಡೆಯಲಿಲ್ಲ? ತಾಣಗಳ ಕರಾರಿನಲ್ಲಿ ಒಂದು ಷರತ್ತು ಇರುತ್ತಿತ್ತು: ನಮ್ಮಲ್ಲಿ ತೋರಿಸುವುದಕ್ಕಿಂತ ಕಡಿಮೆ ದರವನ್ನು ಬೇರೆ ತಾಣದಲ್ಲಾಗಲಿ, ನಿಮ್ಮದೇ ವೆಬ್‌ಸೈಟಿನಲ್ಲಾಗಲಿ ಕೊಡಬಾರದು. ಮೇಲುನೋಟಕ್ಕೆ ಇದು ಗಿರಾಕಿಗೆ ಎಲ್ಲ ಕಡೆ ಒಂದೇ ಬೆಲೆ ಸಿಗಲಿ ಎಂಬ ಕಾಳಜಿಯಂತೆ ಕಾಣುತ್ತದೆ. ಒಳಗೆ ನೋಡಿದರೆ, ಕಮಿಷನ್ ಕಡಿಮೆ ಮಾಡಿದ ಹೊಸ ತಾಣವೊಂದು ಬಂದರೂ ಅಲ್ಲಿ ರೂಮು ಅಗ್ಗವಾಗುವಂತಿಲ್ಲ, ಹಾಗಾಗಿ ಕಮಿಷನ್ ಇಳಿಯುವ ಒತ್ತಡವೇ ಹುಟ್ಟುವುದಿಲ್ಲ. ಹೋಟೆಲ್ ಮಾಲೀಕರ ಒಕ್ಕೂಟದ ದೂರಿನ ಮೇಲೆ ವಿಚಾರಣೆ ನಡೆಸಿದ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಮೇಕ್‌ಮೈಟ್ರಿಪ್ ಮತ್ತು ಗೋಐಬಿಬೊ ಸಮೂಹಕ್ಕೆ 223.48 ಕೋಟಿ ರೂಪಾಯಿ, ಓಯೊಗೆ 168.88 ಕೋಟಿ ರೂಪಾಯಿ ದಂಡ ಹಾಕಿತು. ಹೋಟೆಲುಗಳ ಮೇಲಿನ ಇಂಥ ದರದ ಷರತ್ತನ್ನು ಕರಾರಿನಿಂದ ತೆಗೆಯಬೇಕೆಂದು ಮೇಕ್‌ಮೈಟ್ರಿಪ್ ಸಮೂಹಕ್ಕೆ ಸೂಚಿಸಿತು. ಫ್ರಾನ್ಸ್ 2015ರಲ್ಲೇ ಕಾನೂನು ಮಾಡಿ ಇದನ್ನು ತಡೆದಿತ್ತು. ಐರೋಪ್ಯ ಒಕ್ಕೂಟದ ನ್ಯಾಯಾಲಯ 2024ರ ಸೆಪ್ಟೆಂಬರ್‌ನಲ್ಲಿ, ತಾಣ ನಡೆಯಬೇಕಾದರೆ ಈ ಷರತ್ತು ಇರಲೇಬೇಕು ಎಂಬ ಬುಕಿಂಗ್ ಡಾಟ್ ಕಾಮ್‌ನ ವಾದವನ್ನು ಒಪ್ಪಲಿಲ್ಲ. ದೂರದ ಈ ಆದೇಶಗಳಿಗೂ ಹೊಸಪೇಟೆಯ ಲಾಡ್ಜಿನ ಕೌಂಟರಿಗೂ ನೇರ ಸಂಬಂಧವಿದೆ. ನೇರವಾಗಿ ಬಂದ ಗಿರಾಕಿಗೆ ಕಡಿಮೆ ಹೇಳಿದರೆ ತಪ್ಪಾದೀತೇನೋ ಎಂದು ಮಾಲೀಕ ಅಳುಕುವ ಕಾರಣವನ್ನು ಅವು ಸಡಿಲಿಸಿವೆ.

ಹಾಗಾದರೆ ತಾಣಗಳನ್ನು ಬಿಟ್ಟುಬಿಡಬೇಕೇ? ಖಂಡಿತ ಇಲ್ಲ. ಗೊತ್ತಿಲ್ಲದ ಊರಿನಲ್ಲಿ ಯಾವ ಹೋಟೆಲುಗಳಿವೆ, ಬಸ್‌ಸ್ಟ್ಯಾಂಡಿನಿಂದ ಎಷ್ಟು ದೂರ, ಹಾಸಿಗೆ ಹೇಗಿದೆ, ಬಚ್ಚಲು ಹೇಗಿದೆ ಎಂದು ಮನೆಯಲ್ಲೇ ಕೂತು ತಿಳಿಯುವ ಅನುಕೂಲ ಹಿಂದೆ ನಮಗೆ ಇರಲೇ ಇಲ್ಲ. ಆ ಮಾಹಿತಿಗಾಗಿ ತಾಣವನ್ನು ನೋಡಿ. ಅಭಿಪ್ರಾಯಗಳನ್ನು ಓದುವಾಗ ಐದು ನಕ್ಷತ್ರದವನ್ನು ಬಿಟ್ಟು, ಕಳೆದ ಎರಡು ಮೂರು ತಿಂಗಳಲ್ಲಿ ಎರಡು, ಮೂರು ನಕ್ಷತ್ರ ಕೊಟ್ಟವರು ಏನು ಬರೆದಿದ್ದಾರೆ ನೋಡಿ. ನೀರು, ಸದ್ದು, ಲಿಫ್ಟು, ಸಿಬ್ಬಂದಿಯ ಮಾತು, ಇವುಗಳ ನಿಜ ಅಲ್ಲಿರುತ್ತದೆ. ನಕ್ಷೆಯನ್ನು ಮಾತ್ರ ತಪ್ಪದೆ ನೋಡಬೇಕು. ಹಂಪಿಯ ವಿಷಯದಲ್ಲಂತೂ ಇದು ದೊಡ್ಡ ಮಾತು. ಹಂಪಿ ಎಂದು ಹುಡುಕಿದರೆ ತಾಣಗಳು ಹೊಸಪೇಟೆಯ ಹೋಟೆಲನ್ನೂ ತೋರಿಸುತ್ತವೆ, ಕಮಲಾಪುರದ್ದನ್ನೂ ತೋರಿಸುತ್ತವೆ, ಹೊಳೆಯಾಚೆ ಕೊಪ್ಪಳ ಜಿಲ್ಲೆಗೆ ಸೇರಿದ ಆನೆಗೊಂದಿ, ಸಾಣಾಪುರದ ಕಡೆಯದನ್ನೂ ತೋರಿಸುತ್ತವೆ. ಪರದೆಯಲ್ಲಿ ಹೊಳೆಯಾಚೆಯ ರೂಮು ವಿರೂಪಾಕ್ಷನ ಗುಡಿಗೆ ಕೂಗಳತೆಯಲ್ಲಿ ಕಾಣುತ್ತದೆ. ದೋಣಿ ನಿಂತ ಮೇಲೆ ರಸ್ತೆಯಲ್ಲಿ ಸುತ್ತಿ ಬರಬೇಕಾದವರಿಗೆ ಆಟೊ ಬಾಡಿಗೆಯಲ್ಲೇ ಉಳಿತಾಯವೆಲ್ಲ ಕರಗುತ್ತದೆ. ಪಾರಂಪರಿಕ ಪ್ರದೇಶದೊಳಗೆ ಅನುಮತಿಯಿಲ್ಲದೆ ಎದ್ದಿದ್ದ ವಿರೂಪಾಪುರಗಡ್ಡೆಯ ರೆಸಾರ್ಟುಗಳು 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ನೆಲಸಮವಾದದ್ದು ನೆನಪಿದ್ದರೆ, ಆ ಭಾಗದಲ್ಲಿ ರೂಮು ಹಿಡಿಯುವ ಮುನ್ನ ಅದು ಪರವಾನಗಿ ಇರುವ ಜಾಗವೇ ಎಂದು ವಿಚಾರಿಸುವುದು ಅತಿ ಎಚ್ಚರವೆನಿಸುವುದಿಲ್ಲ.

ಎರಡು ಮೂರು ಹೋಟೆಲ್ ಗೊತ್ತುಮಾಡಿಕೊಂಡ ಮೇಲೆ ಫೋನು ಮಾಡಿ. ಬೆಳಿಗ್ಗೆ ರೂಮು ಖಾಲಿ ಮಾಡುವವರ ಗದ್ದಲ, ಸಂಜೆ ಬಂದಿಳಿಯುವವರ ಗದ್ದಲ ಎರಡೂ ಇಲ್ಲದ ಮಧ್ಯಾಹ್ನ ಒಳ್ಳೆಯ ಹೊತ್ತು. ಕಂಪನಿಯ ಕಾಲ್ ಸೆಂಟರ್ ಬೇಡ, ಹೋಟೆಲಿನ ಕೌಂಟರೇ ಬೇಕು, ಆದರೆ ಮ್ಯಾನೇಜರ್ ಇಲ್ಲವೇ ಮಾಲೀಕರೇ ಮಾತಿಗೆ ಸಿಗಬೇಕು. ‘ಇಂಥ ತಾಣದಲ್ಲಿ ನಿಮ್ಮ ರೂಮು ಟ್ಯಾಕ್ಸ್ ಸೇರಿ ಇಷ್ಟಕ್ಕೆ ತೋರಿಸ್ತಾ ಇದೆ. ನಾವು ಇಬ್ಬರು ದೊಡ್ಡವರು, ಒಂದು ಮಗು, ಸೋಮವಾರ ಬಂದು ಬುಧವಾರ ಹೋಗ್ತೀವಿ. ನೇರವಾಗಿ ಬಂದರೆ ಟ್ಯಾಕ್ಸ್ ಸೇರಿ ಎಷ್ಟಕ್ಕೆ ಕೊಡ್ತೀರಿ ಸರ್?’ ಇಷ್ಟು ಸಾಕು. ತಾಣದ ದರ ಹೇಳಿದಾಗ ಕಮಿಷನ್ ಕಳೆದು ತಮ್ಮ ಕೈಗೆ ಎಷ್ಟು ಬರುತ್ತದೆಂದು ಅವರಿಗೆ ಆ ಕ್ಷಣವೇ ಲೆಕ್ಕ ಸಿಗುತ್ತದೆ. ಎರಡು ರಾತ್ರಿ ಎಂದಾಗ, ವಾರದ ನಡುವೆ ಎಂದಾಗ ಇಳಿಸಲು ಕಾರಣ ಸಿಗುತ್ತದೆ. ದರ ಇಳಿಸಲು ಮನಸ್ಸಿಲ್ಲದವರು ಬೆಳಗಿನ ತಿಂಡಿ ಸೇರಿಸುತ್ತಾರೆ, ಮೊದಲೇ ಬಂದರೂ ರೂಮು ಬಿಟ್ಟುಕೊಡುತ್ತಾರೆ, ಮಗುವಿನ ಹೆಚ್ಚುವರಿ ಹಾಸಿಗೆಗೆ ದುಡ್ಡು ಕೇಳುವುದಿಲ್ಲ. ಅಮೆರಿಕದ ಆ ಗಿರಾಕಿ ಕಂಪ್ಯೂಟರಿನಲ್ಲಿ ಕೂಗುತ್ತಿದ್ದ ಬೆಲೆಯನ್ನೇ ನೀವು ಬಾಯಲ್ಲಿ ಕೇಳುತ್ತಿದ್ದೀರಿ. ಅವನಿಗಿಲ್ಲದ ಎರಡು ಅನುಕೂಲ ನಿಮಗಿವೆ: ಹೋಟೆಲಿನ ಹೆಸರು ಮೊದಲೇ ಗೊತ್ತು, ಬೆಲೆಗೆ ಒಪ್ಪಿಗೆಯಾದ ಕೂಡಲೇ ಹಣ ಕಡಿತವಾಗುವುದಿಲ್ಲ.

ಟ್ಯಾಕ್ಸ್ ಸೇರಿ ಎಂದು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ, ಅದಕ್ಕಿಂತ ಮೇಲಿನದಕ್ಕೆ ಶೇ 18 ಹಾಗೆಯೇ ಉಳಿದಿದೆ. ಈ ಗೆರೆಯ ಹತ್ತಿರದಲ್ಲಿ ಸಣ್ಣ ಚೌಕಾಸಿಗೂ ದೊಡ್ಡ ಫಲ ಸಿಗುತ್ತದೆ. 7,600ರ ರೂಮಿಗೆ ತೆರಿಗೆ ಸೇರಿ 8,968 ಕೊಡಬೇಕು. ಅದನ್ನೇ ಹೋಟೆಲಿನವರು 7,400ಕ್ಕೆ ಇಳಿಸಿದರೆ ತೆರಿಗೆ ಸೇರಿ 7,770. ಅವರು ಬಿಟ್ಟದ್ದು 200, ನಿಮಗೆ ಉಳಿದದ್ದು 1,198. ಸೀಸನ್ನಿನಲ್ಲಿ ಹಂಪಿ ಸುತ್ತಲಿನ ರೆಸಾರ್ಟುಗಳ ದರ ಈ ಗೆರೆಯ ಆಚೀಚೆ ಓಡಾಡುವುದರಿಂದ ಇದನ್ನು ಕೇಳಿ ನೋಡುವುದು ಲಾಭ. ಆದರೆ ದರ ಇಳಿಯಬೇಕಾದದ್ದು ಹೋಟೆಲಿನ ಬಿಲ್ಲಿನಲ್ಲಿ. ಕಾರ್ಡಿನ ಕ್ಯಾಶ್‌ಬ್ಯಾಕ್ ಆಮೇಲೆ ಎಷ್ಟೇ ಬರಲಿ, ಬಿಲ್ಲಿನ ತೆರಿಗೆ ಅದರಿಂದ ಕಡಿಮೆಯಾಗುವುದಿಲ್ಲ. ಸಣ್ಣ ರೂಮಿಗೆ ಇನ್ನೂ ಶೇ 12 ಹಾಕಿ ಲೆಕ್ಕ ಹೇಳುವವರು ಸಿಕ್ಕರೆ ಬಿಲ್ಲನ್ನು ಕೇಳಿ ಪಡೆಯಿರಿ.

ಪರದೆಯ ಮೇಲಿನ ಆತುರದ ಬಗ್ಗೆ ಒಂದು ಮಾತು. ‘ಒಂದೇ ರೂಮು ಉಳಿದಿದೆ’, ‘ಈಗ 14 ಮಂದಿ ನೋಡುತ್ತಿದ್ದಾರೆ’ ಎಂಬ ಕೆಂಪಕ್ಷರ ನೋಡಿ ಗಾಬರಿಯಲ್ಲಿ ಹಣ ಕಟ್ಟಿದವರು ಬಹಳ. ಒಂದೇ ರೂಮು ಎಂದರೆ ಬಹಳ ಸಲ ಆ ತಾಣಕ್ಕೆಂದು ಹೋಟೆಲ್ ಬಿಟ್ಟುಕೊಟ್ಟ ರೂಮುಗಳಲ್ಲಿ ಒಂದು ಉಳಿದಿದೆ ಎಂದಷ್ಟೇ ಅರ್ಥ. ಹೋಟೆಲಿನಲ್ಲಿ ಹತ್ತು ಖಾಲಿ ಇರಬಹುದು, ಫೋನು ಮಾಡಿದರೆ ಗೊತ್ತಾಗುತ್ತದೆ. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ 2019ರಲ್ಲಿ ಹೋಟೆಲ್ ತಾಣಗಳ ಇಂಥ ಒತ್ತಡದ ಮಾರಾಟಕ್ಕೆ ಕಡಿವಾಣ ಹಾಕಿಸಿತು. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ತಂತ್ರಗಳನ್ನು ಹೆಸರಿಸಿದೆ. ಸುಳ್ಳು ಆತುರ ಹುಟ್ಟಿಸುವುದು ಅದರಲ್ಲೊಂದು. ಮೊದಲು ಕಡಿಮೆ ಬೆಲೆ ತೋರಿಸಿ ಹಣ ಕಟ್ಟುವ ಹಂತದಲ್ಲಿ ಸೇವಾಶುಲ್ಕ ಕೂಡಿಸುವುದು ಇನ್ನೊಂದು. ಕೇಳದೆಯೇ ವಿಮೆಯನ್ನೋ ದೇಣಿಗೆಯನ್ನೋ ಬಿಲ್ಲಿಗೆ ಸೇರಿಸುವುದು ಮತ್ತೊಂದು. ಇವುಗಳ ಮೇಲೆ ದೂರು ಕೊಡಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ಕನ್ನಡದಲ್ಲೂ ಮಾತಾಡಬಹುದು.

ನನ್ನ ವಾದಕ್ಕೆ ಎದುರು ಮಾತುಗಳಿವೆ, ಕೆಲವು ಗಟ್ಟಿಯಾದವು. ಕೌಂಟರಿನವರೇ ‘ಆನ್‌ಲೈನ್‌ನಲ್ಲಿ ಮಾಡಿ ಸರ್, ಅಲ್ಲೇ ಕಡಿಮೆ’ ಎನ್ನುತ್ತಾರಲ್ಲ ಎಂಬುದು ಮೊದಲನೆಯದು. ಹೌದು, ಹಾಗೂ ಆಗುತ್ತದೆ. ತಾಣದ ಪಟ್ಟಿಯಲ್ಲಿ ಮೇಲಕ್ಕೆ ಬರಲು ಹೋಟೆಲ್ ಅಲ್ಲಿ ದರ ಇಳಿಸಿರುತ್ತದೆ, ಅಥವಾ ತಾಣವೇ ತನ್ನ ಕೈಯಿಂದ ಹಾಕಿರುತ್ತದೆ, ಅಥವಾ ಕೌಂಟರಿನಲ್ಲಿ ಕೂತವನಿಗೆ ದರ ಇಳಿಸುವ ಅಧಿಕಾರವಿರುವುದಿಲ್ಲ. ಹಾಗಿದ್ದರೆ ತಾಣದಲ್ಲೇ ಹಿಡಿಯಿರಿ. ಕೇಳಿ ನೋಡಿದ್ದಕ್ಕೆ ನಷ್ಟವೇನೂ ಇಲ್ಲ. ಎರಡನೆಯದು ಮೋಸದ ಭಯ, ಅದು ಪೊಳ್ಳು ಭಯವಲ್ಲ. ಹುಡುಕಿದರೆ ಸಿಗುವ ಹೋಟೆಲಿನ ನಂಬರೇ ನಕಲಿಯಾಗಿರಬಹುದು. ಕೇದಾರನಾಥದ ಹೆಲಿಕಾಪ್ಟರ್, ಸೋಮನಾಥದ ಅತಿಥಿಗೃಹಗಳ ಹೆಸರಿನಲ್ಲಿ ನಕಲಿ ತಾಣಗಳು ಯಾತ್ರಿಕರ ಹಣ ದೋಚುತ್ತಿವೆ ಎಂದು ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ವಿಭಾಗ 2025ರ ಏಪ್ರಿಲ್‌ನಲ್ಲಿ ಎಚ್ಚರಿಸಿತ್ತು. ಆದ್ದರಿಂದ ನೇರ ಬುಕಿಂಗ್‌ಗೆ ನನ್ನ ಷರತ್ತು ಬಿಗಿಯಾದದ್ದು: ಹಣ ಕೊಡುವುದು ನೀವು ಹೋಟೆಲ್ ತಲುಪಿದ ಮೇಲೆ. ಮುಂಗಡ ಕೇಳಿದರೆ ಸಣ್ಣ ಮೊತ್ತ ಮಾತ್ರ, ಅದೂ ಹೋಟೆಲಿನ ಹೆಸರಿನ ಖಾತೆಗೆ. ಪೂರ್ತಿ ಹಣ ಮೊದಲೇ ಹಾಕಿ ಎಂದವರನ್ನು, ಕ್ಯೂಆರ್ ಕೋಡ್ ಕಳಿಸಿ ಅವಸರ ಮಾಡುವವರನ್ನು ಅಲ್ಲೇ ಬಿಡಿ. ದೇವಸ್ಥಾನದ ವಸತಿಗೆ ಆ ದೇವಸ್ಥಾನದ್ದೇ ಅಧಿಕೃತ ತಾಣ. ಹಣ ಹೋಯಿತೆಂದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಮೂರನೆಯ ಎದುರು ಮಾತಿಗೆ ನಾನು ಪೂರ್ತಿ ತಲೆಬಾಗುತ್ತೇನೆ. ಫೋನಿನಲ್ಲಿ ಮಾತಾಡುವವರೆಲ್ಲರಿಗೂ ಒಂದೇ ಮರ್ಯಾದೆ ಸಿಗುವುದಿಲ್ಲ. ಒಬ್ಬಳೇ ಹೊರಟ ಹೆಣ್ಣುಮಗಳಿಗೆ, ಪರೀಕ್ಷೆ ಬರೆಯಲು ಬಂದ ಹುಡುಗಿಯರಿಗೆ ‘ಜೊತೆಗೆ ಯಾರಿದ್ದಾರೆ’ ಎಂಬ ಪ್ರಶ್ನೆ ಬರುತ್ತದೆ. ಹೆಸರು ಕೇಳಿದ ಕೂಡಲೇ ರೂಮು ಇಲ್ಲ ಎನ್ನುವವರಿದ್ದಾರೆ. ಜಾತಿ, ಧರ್ಮ ನೋಡಿ ಬಾಗಿಲು ತೆರೆಯುವ ಜಾಗಗಳು ನಮ್ಮಲ್ಲಿ ಇನ್ನೂ ಇವೆ. ಪರದೆ ಯಾರ ಮುಖವನ್ನೂ ನೋಡದೆ ರೂಮು ಕೊಡುತ್ತದೆ, ಖಾತ್ರಿಪತ್ರವನ್ನೂ ಕೊಡುತ್ತದೆ. ಕೌಂಟರಿನಲ್ಲಿ ತಕರಾರು ಬಂದರೆ ಜಗಳಕ್ಕೆ ಒಂದು ಆಧಾರವಾದರೂ ಇರುತ್ತದೆ. ಈ ರಕ್ಷಣೆಯ ಎದುರು 300 ರೂಪಾಯಿಯ ಉಳಿತಾಯ ಏನೂ ಅಲ್ಲ. ಇಂಥವರು ತಾಣದಲ್ಲೇ ರೂಮು ಹಿಡಿಯಲಿ, ಆಮೇಲೆ ಒಮ್ಮೆ ಫೋನು ಮಾಡಿ ಬುಕಿಂಗ್ ಅವರಿಗೆ ತಲುಪಿದೆಯೇ ಎಂದು ಖಚಿತ ಮಾಡಿಕೊಳ್ಳಲಿ.

ಸಣ್ಣ ಲಾಡ್ಜಿನವರ ಹತ್ತಿರ ಚೌಕಾಸಿ ಮಾಡಿ ಅವರ ಹೊಟ್ಟೆ ಮೇಲೆ ಹೊಡೆದಂತಾಗುವುದಿಲ್ಲವೇ ಎಂದೂ ಕೇಳುತ್ತಾರೆ. ನೇರ ಮಾತಿನಲ್ಲಿ ಕಡಿಮೆಯಾಗುವುದು ಮೊದಲು ಕಮಿಷನ್ನು. ತಾಣದ ದರಕ್ಕಿಂತ ಶೇ 10 ಇಳಿಸಿದರೂ ಮಾಲೀಕನಿಗೆ ತಾಣದಿಂದ ಬರುವುದಕ್ಕಿಂತ ಹೆಚ್ಚೇ ಬರುತ್ತದೆ, ತಾಣಗಳ ಕಚೇರಿ ಇರುವ ಗುರುಗ್ರಾಮಕ್ಕೋ ಆಮ್‌ಸ್ಟರ್‌ಡ್ಯಾಮಿಗೋ ಹೋಗುತ್ತಿದ್ದ ಹಣ ಹೊಸಪೇಟೆಯಲ್ಲಿ ಉಳಿಯುತ್ತದೆ. ತಾಣದಿಂದ ಅವನಿಗೆ ಬರುವುದಕ್ಕಿಂತ ಕೆಳಗೆ ಎಳೆಯುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಹತ್ತು ರೂಮಿನ ಲಾಡ್ಜಿನಲ್ಲಿ ದರ ಕುಸಿದಾಗ ಮೊದಲು ಕಡಿತವಾಗುವುದು ಗುಡಿಸುವವರ ಕೂಲಿ.

ಅತಿ ಕಡಿಮೆ ದರವನ್ನು ಹುಡುಕಲೇಬಾರದ ಸಂದರ್ಭವೂ ಒಂದಿದೆ, ನಮ್ಮ ಕಡೆಯವರಿಗೆ ಅದು ಹೆಚ್ಚಾಗಿ ಎದುರಾಗುವಂಥದ್ದು. ಬೆಂಗಳೂರಿನ ಕಿದ್ವಾಯಿಗೋ ಜಯದೇವಕ್ಕೋ ನಿಮ್ಹಾನ್ಸ್‌ಗೋ ರೋಗಿಯನ್ನು ಕರೆದೊಯ್ಯುವವರಿಗೆ ಎಷ್ಟು ದಿನವಾಗುತ್ತದೆ ಎಂದು ಗೊತ್ತಿರುವುದಿಲ್ಲ. ಸ್ಕ್ಯಾನಿಂಗ್ ನಾಳೆ ಎಂದವರು ನಾಡಿದ್ದು ಎನ್ನುತ್ತಾರೆ, ದಾಖಲು ಮಾಡಿಕೊಂಡರೆ ರೂಮೇ ಬೇಡವಾಗುತ್ತದೆ. ತಾಣದಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ಕಾಣುವ ದರ ಸಾಮಾನ್ಯವಾಗಿ ಹಣ ವಾಪಸ್ ಬರದ ದರ. ದಿನ ಬದಲಾದರೆ ಪೂರ್ತಿ ಹೋಗುತ್ತದೆ. ಇಂಥವರು ರದ್ದು ಮಾಡಿದರೂ ಹಣ ವಾಪಸಾಗುವ ದರವನ್ನೇ, 200 ರೂಪಾಯಿ ಹೆಚ್ಚಾದರೂ, ಹಿಡಿಯಬೇಕು. ಅದಕ್ಕೂ ಮೊದಲು ಆಸ್ಪತ್ರೆಯ ಧರ್ಮಶಾಲೆಯಲ್ಲಿ ಜಾಗವಿದೆಯೇ ಎಂದು ಕೇಳಬೇಕು.

ಕೊನೆಯದಾಗಿ ನಮ್ಮ ಕಡೆಯ ಹೋಟೆಲ್ ಮಾಲೀಕರಿಗೆ ಒಂದು ಕೋರಿಕೆ. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕೂಡ್ಲಿಗಿ ದಾಟಿ ಹೋಗುವ ಕಾರುಗಳಲ್ಲಿ ಎಷ್ಟೋ ಜನ ಹಂಪಿಗೆ ಹೋಗುವವರು, ವಿಜಯಪುರದ ಕಡೆ ಹೋಗುವವರು. ಗುಡೇಕೋಟೆಯ ಕರಡಿಧಾಮ, ಉಜ್ಜಿನಿ ಪೀಠ ನೋಡಲು ಬರುವವರೂ ಇದ್ದಾರೆ. ಅವರೆಲ್ಲ ಮೊಬೈಲ್ ನೋಡಿಯೇ ನಿಲ್ಲುತ್ತಾರೆ. ಗೂಗಲ್ ನಕ್ಷೆಯಲ್ಲಿ ನಿಮ್ಮ ಲಾಡ್ಜಿನ ಸರಿಯಾದ ನಂಬರು, ಈ ತಿಂಗಳಲ್ಲಿ ತೆಗೆದ ಫೋಟೊ, ನೇರವಾಗಿ ಬಂದವರಿಗೆ ಇರುವ ದರ ಇಷ್ಟನ್ನು ಹಾಕಲು ಯಾರಿಗೂ ಕಮಿಷನ್ ಕೊಡಬೇಕಿಲ್ಲ. ಸೀಸನ್ನಿನ ದರ ಒಂದು, ಬೇಸಿಗೆಯ ದರ ಒಂದು ಎಂದು ಟ್ಯಾಕ್ಸ್ ಸೇರಿಸಿ ಕೌಂಟರಿನ ಹಿಂದೆ ಬರೆದು ಹಾಕಿ. ಫೋನು ಎತ್ತುವ ಹುಡುಗನಿಗೆ ಶೇ 10ರವರೆಗೆ ಇಳಿಸುವ ಅಧಿಕಾರ ಕೊಡಿ. ತಾಣದೊಂದಿಗಿನ ಕರಾರು ಹೊಸದಾಗುವಾಗ ದರದ ಷರತ್ತಿನ ಪುಟವನ್ನು ಓದಿಯೇ ಸಹಿ ಹಾಕಿ.